ವೇಗವೊಂದೇ ಪ್ರಮಾಣವೆ?

ವೇಗದ ಬೌಲರನು ಹುಟ್ಟಬೇಕೇ ಹೊರತು ಅವನನ್ನು ಯಾರೂ ನಿರ್ಮಿಸಲಾರರೆಂಬ ಮಾತು ನಮ್ಮ ಕ್ರಿಕೆಟ್ ಪ್ರಪಂಚದಲ್ಲಿ ಈಗ ವೇದವಾಕ್ಯದ ಪ್ರಾಮಾಣ್ಯವನ್ನು ಗಳಿಸಿಕೊಂಡಿದೆ. ದೂರದರ್ಶನದ ಮುಂದೆ ಕುಳಿತ ಪ್ರೇಕ್ಷಕನಿಂದ ಹಿಡಿದು ಕೋಟಿಗಳ ಲೆಕ್ಕದಲ್ಲಿ ಆಟಗಾರರನ್ನು ಕೊಳ್ಳುವ ತಂಡದ ಒಡೆಯನವರೆಗೆ, ಮಗನನ್ನು ಶಿಬಿರಕ್ಕೆ ಕರೆತಂದ ತಂದೆಯಿಂದ ಹಿಡಿದು ಆ ಶಿಬಿರದ ಬಾಗಿಲಲ್ಲಿ ವೇಗಮಾಪಕ ಯಂತ್ರವನ್ನು ಹಿಡಿದು ನಿಂತ ಪರೀಕ್ಷಕನವರೆಗೆ, ಎಲ್ಲರೂ ಈ ವಿಷಯದಲ್ಲಿ ಏಕಾಭಿಪ್ರಾಯವುಳ್ಳವರು. ಇದರಿಂದ ಎರಡು ಉಪಸಿದ್ಧಾಂತಗಳು ತಾವಾಗಿಯೇ ಹೊರಡುತ್ತವೆ: ವೇಗವು ಜನ್ಮಸಿದ್ಧವಾದುದರಿಂದ ನಮ್ಮ ಕೆಲಸವೇನಿದ್ದರೂ ಅದನ್ನು ಹುಡುಕುವುದು ಮಾತ್ರವೆಂಬುದು ಒಂದು, ಹುಡುಕಿದ್ದು ದೊರೆತ ಮೇಲೆ ಅದನ್ನು ಆದಷ್ಟು ಶೀಘ್ರವಾಗಿ ದೊಡ್ಡ ಮೈದಾನಕ್ಕೆ ಇಳಿಸಬೇಕೆಂಬುದು ಇನ್ನೊಂದು. ಈ ಮೂರೂ ತಪ್ಪೆಂದು ನನ್ನ ಅಭಿಪ್ರಾಯ. ಮೂರೂ ಒಟ್ಟಿಗೆ ಸೇರಿ, ಕಷ್ಟವಾದ ಒಂದು ಕರ್ತವ್ಯದಿಂದ ನುಣುಚಿಕೊಳ್ಳುವುದಕ್ಕೆ ಬಹಳ ಗೌರವಾನ್ವಿತವಾದ ನೆಪವಾಗಿ ಪರಿಣಮಿಸಿವೆಯೆಂದೂ ನನ್ನ ಅಭಿಪ್ರಾಯ.

ಈ ವಾದವನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕುಳಿತು ಪರೀಕ್ಷಿಸುವುದಕ್ಕಿಂತ, ಅದು ಅತ್ಯಂತ ಮಧುರವಾಗಿ ಕೇಳಿಸುವ ಸ್ಥಳದಲ್ಲಿ, ಎಂದರೆ ಆಟದ ಸೌಕರ್ಯಗಳು ಅತ್ಯಂತ ವಿರಳವಾಗಿರುವ ಒಂದು ಹೋಬಳಿಯಲ್ಲಿ ನಿಂತು ಪರೀಕ್ಷಿಸುವುದು ನ್ಯಾಯವೆಂದು ತೋರಿ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಆರಿಸಿಕೊಂಡಿದ್ದೇನೆ. ನಂದಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಗೌರಿಬಿದನೂರು ಹಿಂದೂಪುರಗಳ ಸೀಮೆಯನ್ನು ಹಾದು ಬರುವ ಉತ್ತರ ಪಿನಾಕಿನಿ ಈ ಊರಿನ ಮಗ್ಗುಲಲ್ಲಿ ವರ್ಷದ ಬಹುಭಾಗ ಬರಿಯ ಮರಳಾಗಿ ಮಲಗಿರುತ್ತದೆ. ಅದರ ದಡದಲ್ಲಿ ಸುಬ್ರಹ್ಮಣ್ಯಸ್ವಾಮಿಯ ಸನ್ನಿಧಿ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂದು ಭಕ್ತರು ಎಣಿಸುವ ಮೂರು ಕ್ಷೇತ್ರಗಳಲ್ಲಿ ಇದು ಮೂರನೆಯದು. ಸುತ್ತ ಬಹುಪಾಲು ಆಂಧ್ರದ ನೆಲವೇ ಆವರಿಸಿಕೊಂಡಿರುವ ಪಾವಗಡದ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ಕಡಲೆಕಾಯಿ, ಆಕಾಶದಲ್ಲಿ ಮಳೆಯಿಲ್ಲದ ಮೋಡ. ಸಮೀಪದ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಈಗ 2050 ಮೆಗಾವ್ಯಾಟಿನ ಸೌರ ವಿದ್ಯುತ್ತಿನ ಫಲಕಗಳು ಸಾಲುಗಟ್ಟಿ ನಿಂತಿವೆ. ಬಿಸಿಲನ್ನು ಶಾಪವೆಂದು ತಿಳಿದಿದ್ದ ಜನ ಅದೂ ಒಂದು ಬೆಳೆಯೆಂದು ಕಂಡುಕೊಂಡಿದ್ದಾರೆ.

ಇಂತಹ ಊರುಗಳ ವಿಷಯವಾಗಿ ಪಟ್ಟಣದ ಕ್ರಿಕೆಟ್ ಪಂಡಿತರಲ್ಲಿ ಒಂದು ಕಾವ್ಯಮಯವಾದ ನಂಬಿಕೆಯುಂಟು. ಬರಗಾಲದ ನೆಲದಲ್ಲಿ ಬೆಳೆದ ಹುಡುಗನ ಮೈ ಉಕ್ಕಿನಂತಿರುತ್ತದೆ, ಕಲ್ಲೆಸೆದು ಹಣ್ಣು ಬೀಳಿಸಿ ಪಳಗಿದ ತೋಳಿಗೆ ಯಾವ ಶಿಕ್ಷಣವೂ ಬೇಕಿಲ್ಲ, ಬರಿಗಾಲಿನಲ್ಲಿ ಓಡಿದವನ ಕಾಲಿಗೆ ಯಾವ ಬೂಟೂ ಸಮವಲ್ಲ ಎಂದು ಅವರು ಹೇಳುವಾಗ ಅವರ ಕಣ್ಣುಗಳು ತೇವವಾಗುವುದನ್ನು ನೋಡಿದ್ದೇನೆ. ಬಡತನವನ್ನು ವ್ಯಾಯಾಮಶಾಲೆಯೆಂದು ವರ್ಣಿಸುವ ಈ ರಸಿಕತೆ ಪಾವಗಡದ ಕೊಳವೆಬಾವಿಯ ನೀರನ್ನು ಕುಡಿದು ನೋಡಿದ್ದರೆ ಸ್ವಲ್ಪ ಸಂಯಮವನ್ನು ಕಲಿಯುತ್ತಿತ್ತು. ಈ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುವುದು ದಶಕಗಳಿಂದ ಎಲ್ಲರೂ ಬಲ್ಲ ಸಂಗತಿ. ಅದು ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಬರೆಯುತ್ತದೆ, ತರುವಾಯ ಕೀಲುಗಳನ್ನು ಬಿಗಿಸಿ, ಎಲುಬನ್ನು ನೋಟಕ್ಕೆ ಗಟ್ಟಿಯೂ ಗುಣದಲ್ಲಿ ಪೆಡಸೂ ಆಗಿಸುತ್ತದೆ. ವೇಗದ ಬೌಲರನು ಮುಂಗಾಲನ್ನು ಕ್ರೀಸಿನಲ್ಲಿ ಊರುವ ಕ್ಷಣದಲ್ಲಿ ಅವನ ದೇಹಭಾರದ ಹಲವು ಪಟ್ಟು ಆಘಾತ ಆ ಕಾಲಿನಿಂದ ಮೇಲೇರಿ ಸೊಂಟದ ಕಶೇರುಗಳಿಗೆ ತಲಪುತ್ತದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬರದ ನೆಲ ಬೌಲರರನ್ನು ಬೆಳೆಯುತ್ತದೆಂಬ ಕಾವ್ಯಕ್ಕೆ ಎಷ್ಟು ಅರ್ಥವಿದೆಯೆಂಬುದು ತಿಳಿಯುತ್ತದೆ. ನಾಗಲಮಡಿಕೆಯ ಹುಡುಗ ವೇಗವಾಗಿ ಎಸೆಯಬಲ್ಲನಾದರೆ ಅದು ಆ ನೀರಿನ ಮತ್ತು ಆ ನೆಲದ ದೆಸೆಯಿಂದಲ್ಲ, ಅವುಗಳ ಹೊರತಾಗಿಯೂ.

ಪೂರ್ವಪಕ್ಷಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಿಯೇ ಮುಂದುವರಿಯಬೇಕು. ಎತ್ತರವನ್ನು ಯಾವ ಗುರುವೂ ಕಲಿಸಲಾರ. ಸ್ನಾಯುಗಳ ಎಳೆಯಲ್ಲಿರುವ ಚುರುಕು, ತೋಳಿನ ಉದ್ದ, ಭುಜದ ಕೀಲಿನ ಸಡಿಲ, ಇವು ತಾಯಿಯ ಗರ್ಭದಿಂದಲೇ ಬರುವಂಥವು. ಗಂಟೆಗೆ 120 ಕಿಲೋಮೀಟರಿನ ಮಿತಿಯುಳ್ಳ ದೇಹವನ್ನು ಎಷ್ಟು ತಿದ್ದಿದರೂ 150ಕ್ಕೆ ಏರಿಸಲಾಗದು. ಇದನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮಾತ್ರಕ್ಕೆ ನನ್ನ ಪಕ್ಷಕ್ಕೆ ಹಾನಿಯಿಲ್ಲ. ನಮ್ಮ ಆಲಂಕಾರಿಕರು ಇದೇ ಪ್ರಶ್ನೆಯನ್ನು ಕವಿಯ ವಿಷಯದಲ್ಲಿ ಶತಮಾನಗಳ ಕಾಲ ಚರ್ಚಿಸಿದರು. ಪ್ರತಿಭೆಯೊಂದೇ ಸಾಕೆಂದವರೂ ಇದ್ದರು, ಪ್ರತಿಭೆಯಿಲ್ಲದವನಿಗೂ ಪರಿಶ್ರಮದಿಂದ ವಾಗ್ದೇವಿ ಕೊಂಚ ಒಲಿಯುವಳೆಂದ ದಂಡಿಯೂ ಇದ್ದನು. ಕೊನೆಗೆ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಕಾರಣವೆಂದು, ಮೂರು ಬೇರೆಬೇರೆ ಕಾರಣಗಳಲ್ಲವೆಂದು ನಿರ್ಣಯಿಸಿದನು. ಕವಿತೆಯಂತಹ ಅಮೂರ್ತ ವಸ್ತುವಿಗೇ ಈ ನಿಯಮವಾದರೆ, ಇಪ್ಪತ್ತು ಗಜಗಳಾಚೆ ನಿಂತ ದಾಂಡಿಗನ ಬ್ಯಾಟಿನ ಅಂಚನ್ನು ಒಂದು ಹೊಲಿಗೆಯಿಂದ ತಾಕಿಸಬೇಕಾದ ಈ ಕಸುಬಿಗೆ ಹುಟ್ಟುಶಕ್ತಿಯೊಂದೇ ಸಾಕೆನ್ನುವುದು ಎಂತಹ ತರ್ಕ?

ಪ್ರತಿವಾದಿಗಳು ಮೊದಲು ಮುಂದಿಡುವ ಸಾಕ್ಷಿ ಜಾವಗಲ್ ಶ್ರೀನಾಥ್. ಆ ಸಾಕ್ಷಿಯನ್ನೇ ವಿಚಾರಿಸೋಣ. ಮೈಸೂರಿನಲ್ಲಿ 1969ರಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿದ ಈ ಎತ್ತರದ ಯುವಕ ಜಿ.ಆರ್. ವಿಶ್ವನಾಥ್ ಅವರ ಕಣ್ಣಿಗೆ ಬಿದ್ದದ್ದು ಯಂತ್ರ ಹಿಡಿದ ಶಿಬಿರದಲ್ಲಲ್ಲ, ಒಂದು ಕ್ಲಬ್ ಪಂದ್ಯದಲ್ಲಿ. ಎಂದರೆ ಅವನು ಆಗಲೇ ಒಂದು ವ್ಯವಸ್ಥಿತವಾದ ಆಟದ ನಡುವೆ, ಫಲಿತಾಂಶಕ್ಕಾಗಿ, ದಿನವಿಡೀ ಬೌಲ್ ಮಾಡುತ್ತಿದ್ದನು. 1989ರಲ್ಲಿ ಹೈದರಾಬಾದಿನ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಪಡೆದನೆಂಬುದನ್ನು ಎಲ್ಲರೂ ಹೇಳುತ್ತಾರೆ; 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದ ತರುವಾಯ, ಸ್ವದೇಶದಲ್ಲಿ ಒಂದು ಟೆಸ್ಟ್ ಆಡುವುದಕ್ಕೆ 1994ರ ನವೆಂಬರಿನವರೆಗೆ ಕಾಯಬೇಕಾಯಿತೆಂಬುದನ್ನು ಯಾರೂ ಹೇಳುವುದಿಲ್ಲ. ಆ ಕಾಯುವಿಕೆಯಲ್ಲಿ ಅನ್ಯಾಯದ ಅಂಶವಿತ್ತು, ಅದನ್ನು ನಾನು ಸಮರ್ಥಿಸಲಾರೆ. ಆದರೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ, ಹಿಂದಿನ ವೇಗ ಕುಂದಿದ ಮೇಲೆ, 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ ಅವರು 13 ವಿಕೆಟ್ಟುಗಳನ್ನು ಪಡೆದರು. ಅವರ ಜೀವಮಾನದ ಅತ್ಯುತ್ತಮ ಪಂದ್ಯ ಅದು. ವೇಗವೇ ಬೌಲರನ ಆತ್ಮವಾಗಿದ್ದರೆ, ಆತ್ಮದ ಒಂದು ಭಾಗ ಹೊರಟುಹೋದ ಮೇಲೆ ಈ ಶವಕ್ಕೆ ಇಷ್ಟು ಪರಾಕ್ರಮ ಎಲ್ಲಿಂದ ಬಂದಿತೆಂದು ಸಿದ್ಧಾಂತಿಗಳು ವಿವರಿಸಬೇಕು.

ಅದೇ 1999ರ ಜನವರಿಯಲ್ಲಿ ಚೆನ್ನೈಯಲ್ಲಿ ವೆಂಕಟೇಶ ಪ್ರಸಾದರು ಅದೇ ಪಾಕಿಸ್ತಾನದ ವಿರುದ್ಧ ಒಂದು ರನ್ನನ್ನೂ ಕೊಡದೆ ಐದು ವಿಕೆಟ್ಟುಗಳನ್ನು ಕಿತ್ತುದನ್ನು ಕಂಡವರಿಗೆ ಆ ಎಸೆತಗಳ ವೇಗವೆಷ್ಟೆಂದು ಕೇಳಬೇಕೆನಿಸಿರಲಾರದು. ಬೆರಳ ತುದಿಯಲ್ಲಿ ಕತ್ತರಿಸಿ ಬಿಡುವ ಲೆಗ್‌ಕಟರ್, ಕೈ ಬೀಸುವ ರೀತಿ ಕಿಂಚಿತ್ತೂ ಬದಲಾಗದಂತೆ ಹೊರಡುವ ನಿಧಾನದ ಎಸೆತ, ಇವು ಪ್ರಸಾದರ ಆಸ್ತಿ. ಇವೆರಡೂ ಹುಟ್ಟಿನಿಂದ ಬರುವಂಥವಲ್ಲವೆಂಬುದನ್ನು ಎದುರು ಪಕ್ಷದವರೂ ಒಪ್ಪಿಯಾರು.

ವಿನಯ್ ಕುಮಾರರ ಕಥೆಯ ಮೇಲೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಏಕೆಂದರೆ ಅವರು ಬಂದದ್ದು ದಾವಣಗೆರೆಯಿಂದ, ಆಟೋರಿಕ್ಷಾ ಓಡಿಸುವ ತಂದೆಯ ಮನೆಯಿಂದ, ಮತ್ತು ಅವರನ್ನು ನೋಡಿದವರೆಲ್ಲರೂ ಮೊದಲು ಆಡಿದ ಮಾತು, 'ವೇಗ ಸಾಲದು' ಎಂಬುದು. 2012ರ ಜನವರಿಯಲ್ಲಿ ಪರ್ತಿನ ಮೈದಾನದಲ್ಲಿ ಅವರಿಗೆ ದೊರೆತ ಏಕೈಕ ಟೆಸ್ಟಿನಲ್ಲಿ ಆಸ್ಟ್ರೇಲಿಯದ ವಾರ್ನರನು 180 ರನ್ನು ಬಾರಿಸಿದಾಗ, ವಿನಯ್ 13 ಓವರುಗಳಲ್ಲಿ 73 ರನ್ನು ಕೊಟ್ಟು ಒಂದು ವಿಕೆಟ್ ಪಡೆದಾಗ, ದೇಶವೆಲ್ಲ ನಕ್ಕಿತು. ವೇಗಮಾಪಕದ ಸಿದ್ಧಾಂತಕ್ಕೆ ಅಂದು ದೊರೆತಷ್ಟು ಅಗ್ಗದ ಜಯ ಮತ್ತೆಂದೂ ದೊರೆತಿಲ್ಲ. ಆ ನಗು ಅಡಗಿದ ಮೇಲೆ ನಡೆದದ್ದೇನು? ಅವರ ನಾಯಕತ್ವದಲ್ಲಿ ಕರ್ನಾಟಕ 2013-14ರಲ್ಲಿ ಒಮ್ಮೆ, 2014-15ರಲ್ಲಿ ಮತ್ತೊಮ್ಮೆ, ಒಂದರ ಹಿಂದೊಂದಾಗಿ ರಣಜಿ ಟ್ರೋಫಿಯನ್ನು ಗೆದ್ದಿತು. ಎರಡನೆಯ ಸಲದ ಅಂತಿಮ ಪಂದ್ಯದಲ್ಲಿ ತಮಿಳುನಾಡನ್ನು ಮೊದಲ ಸರದಿಯಲ್ಲಿ 134ಕ್ಕೆ ಉರುಳಿಸಿದಾಗ ಐದು ವಿಕೆಟ್ಟು ಅವರವೇ. ಸಾಲದೆಂಬಂತೆ ಬ್ಯಾಟು ಹಿಡಿದು ಶತಕವನ್ನೂ ಹೊಡೆದರು. ಪ್ರಥಮ ದರ್ಜೆಯಲ್ಲಿ ಒಟ್ಟು 504 ವಿಕೆಟ್ಟುಗಳು. ಬೆಳಗಿನ ತೇವದಲ್ಲಿ ಔಟ್‌ಸ್ವಿಂಗರನ್ನು ಎಷ್ಟು ಹಿಂದಿನಿಂದ ಆರಂಭಿಸಬೇಕು, ಮಧ್ಯಾಹ್ನ ಚೆಂಡು ಮೆತ್ತಗಾದಾಗ ಯಾವ ದಾಂಡಿಗನ ತಾಳ್ಮೆಯನ್ನು ಎಷ್ಟು ಓವರು ಕೆದಕಬೇಕು, ದಿನದ ಕೊನೆಯ ಅರ್ಧ ಗಂಟೆಯಲ್ಲಿ ದಣಿದ ಸೊಂಟವನ್ನು ಹೇಗೆ ಮೋಸಗೊಳಿಸಿ ಇನ್ನೊಂದು ಸರದಿಯನ್ನು ಹೊರತೆಗೆಯಬೇಕು ಎಂಬ ವಿದ್ಯೆ ವರ್ಷಾನುಗಟ್ಟಲೆ ಆಡಿ, ಸೋತು, ತಿದ್ದಿಕೊಂಡು ಪಡೆಯುವಂಥದು. ಯಾವ ಯಂತ್ರದ ಕನ್ನಡಿಯಲ್ಲಿಯೂ ಅದು ಅಂಕಿಯಾಗಿ ಮೂಡುವುದಿಲ್ಲ. ವಿನಯರ ಹುಡುಗತನದಲ್ಲಿ ದಾವಣಗೆರೆಯ ಶಿಬಿರವೊಂದಕ್ಕೆ ವೇಗಮಾಪಕವೇ ನ್ಯಾಯಾಧೀಶನಾಗಿ ಬಂದಿದ್ದರೆ ಕರ್ನಾಟಕಕ್ಕೆ ಆ ಎರಡು ಟ್ರೋಫಿಗಳು ಬರುತ್ತಿದ್ದವೆ?

(ಪರೀಕ್ಷಕರ ಪ್ರಮಾದಗಳ ಮಾತು ಬಂದುದರಿಂದ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಬಾಲ್ಯದಲ್ಲಿ ಪೋಲಿಯೋ ತಗಲಿ ಬಲಗೈ ಬಡಕಲಾಗಿದ್ದ ಬಿ.ಎಸ್. ಚಂದ್ರಶೇಖರರನ್ನು ಇಂದಿನ ಯಾವ ಶಿಬಿರವೂ ಗೇಟಿನೊಳಗೆ ಬಿಡುತ್ತಿರಲಿಲ್ಲ. ಆ ಕೈಯೇ 1971ರಲ್ಲಿ ಓವಲಿನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯವನ್ನು ತಂದಿತು. ವೇಗದ ಬೌಲರನಾಗಬೇಕೆಂದು ಚೆನ್ನೈಯ ವೇಗ ಶಿಕ್ಷಣಾಲಯಕ್ಕೆ ಹೋದ ತೆಂಡೂಲ್ಕರ್ ಎಂಬ ಮುಂಬಯಿಯ ಬಾಲಕನನ್ನು ಅಲ್ಲಿದ್ದ ಆಸ್ಟ್ರೇಲಿಯದ ವೇಗಿ ಡೆನಿಸ್ ಲಿಲ್ಲಿ ಬ್ಯಾಟಿಂಗಿಗೆ ಹೋಗೆಂದು ಹಿಂದಕ್ಕೆ ಕಳುಹಿಸಿದನಂತೆ. ಪರೀಕ್ಷಕರು ಸರಿಯಾಗಿ ಪರೀಕ್ಷಿಸಿದ ನಿದರ್ಶನವೂ ಇದೆಯೆಂಬುದಕ್ಕೆ ಇದನ್ನು ಹೇಳಿದೆ.)

ಇನ್ನು ಎರಡನೆಯ ಉಪಸಿದ್ಧಾಂತ, ಎಂದರೆ ಅವಸರದ ಸಿದ್ಧಾಂತ. ಅಭಿಮನ್ಯು ಮಿಥುನ್ ಹದಿನೇಳು ವರ್ಷದವರೆಗೆ ಚರ್ಮದ ಚೆಂಡನ್ನು ಹಿಡಿದವರಲ್ಲ, ಡಿಸ್ಕಸ್ ಎಸೆಯುತ್ತಿದ್ದವರು. 2009ರ ನವೆಂಬರಿನಲ್ಲಿ ಮೀರತ್ತಿನಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ಕನ್ನೂ ಒಟ್ಟು 11 ವಿಕೆಟ್ಟುಗಳನ್ನೂ ಪಡೆದಾಗ, 'ಹುಟ್ಟುವೇಗ'ದ ಪಕ್ಷದವರಿಗೆ ಇಷ್ಟದೇವತೆ ಪ್ರತ್ಯಕ್ಷವಾದಂತಾಯಿತು. ಮುಂದಿನ ಜನವರಿಯಲ್ಲಿ ಮೈಸೂರಿನ ಗಂಗೋತ್ರಿಯಲ್ಲಿ ಮುಂಬಯಿಯ ವಿರುದ್ಧ ನಡೆದ, ಕರ್ನಾಟಕ ಆರು ರನ್ನುಗಳಿಂದ ಸೋತ, ಆ ಎದೆಯೊಡೆಯುವ ಅಂತಿಮ ಪಂದ್ಯದಲ್ಲಿ ಅವರು ಆರು ವಿಕೆಟ್ ಪಡೆದರು. ಅದೇ ವರ್ಷದ ಜುಲೈಯಲ್ಲಿ, ಮೊದಲ ಪ್ರಥಮ ದರ್ಜೆಯ ಪಂದ್ಯವಾಗಿ ಒಂಬತ್ತು ತಿಂಗಳೂ ತುಂಬುವ ಮುನ್ನ, ಗಾಲ್ ಮೈದಾನದಲ್ಲಿ ಟೆಸ್ಟ್ ಬೌಲರನಾಗಿ ಅವರನ್ನು ನಿಲ್ಲಿಸಲಾಯಿತು. ನಾಲ್ಕು ಟೆಸ್ಟುಗಳು, 9 ವಿಕೆಟ್ಟುಗಳು, ಮುಗಿಯಿತು. ತರುವಾಯದ ಹತ್ತು ವರ್ಷ ಕರ್ನಾಟಕಕ್ಕಾಗಿ ಬೆವರು ಸುರಿಸಿ ನಿಜವಾದ ಬೌಲರಾಗಿ ಪಕ್ವವಾದ ಮಿಥುನರನ್ನು, ಪಕ್ವವಾದ ಮೇಲೆ ಭಾರತ ಮತ್ತೆ ಕರೆಯಲಿಲ್ಲ. ಬಿತ್ತಿದ ಮೂವತ್ತು ದಿನಕ್ಕೆ ಕಡಲೆಕಾಯಿಯ ಗಿಡವನ್ನು ಕಿತ್ತು ಬೇರಿನಲ್ಲಿ ಕಾಯಿ ಕಟ್ಟಿಲ್ಲವೆಂದು ಹೊಲವನ್ನು ಬೈಯುವ ರೈತನನ್ನು ಪಾವಗಡದ ಯಾವ ಹಳ್ಳಿಯಲ್ಲಿಯೂ ಕಾಣಲಾರಿರಿ. ಇದಕ್ಕಿಂತ ಹಿಂದೆ, 1996ರಲ್ಲಿ, ಬಿರುಸಿನ ವೇಗಕ್ಕೆ ಹೆಸರಾಗಿದ್ದ ಡೇವಿಡ್ ಜಾನ್ಸನ್ನರಿಗೆ ಎರಡು ಟೆಸ್ಟುಗಳ ಅವಕಾಶ ಕೊಟ್ಟು ಕೈಬಿಟ್ಟದ್ದೂ ಇದೇ ಶಾಸ್ತ್ರದ ಪ್ರಯೋಗ.

ಅವಸರದ ದಂಡವನ್ನು ತೆರುವುದು ಬೆನ್ನು. ಸೊಂಟದ ಕಶೇರುಗಳ ಎಲುಬು ಇಪ್ಪತ್ತರ ಹರೆಯ ಕಳೆಯುತ್ತ ಬಂದರೂ ಪೂರ್ತಿ ಬಲಿತಿರುವುದಿಲ್ಲ. ಅಂತಹ ಎಲುಬಿನ ಮೇಲೆ, ಸೊಂಟ ಒಂದು ದಿಕ್ಕಿಗೂ ಭುಜ ಇನ್ನೊಂದು ದಿಕ್ಕಿಗೂ ತಿರುಚುವ ಮಿಶ್ರಶೈಲಿಯ ಹುಡುಗ ವಾರಕ್ಕೆ ನೂರಾರು ಎಸೆತಗಳನ್ನು ಸುರಿದರೆ, ಒಂದು ದಿನ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹುಡುಗರು 'ಬೆನ್ನು ಹಿಡ್ಕೊಂಡಿದೆ' ಎನ್ನುತ್ತಾರೆ, ಎಣ್ಣೆ ತಿಕ್ಕಿಸಿಕೊಂಡು ಮರುದಿನ ಮತ್ತೆ ಓಡಿಬರುತ್ತಾರೆ. 1973ರಲ್ಲಿ ವೆಸ್ಟ್ ಇಂಡೀಸಿನ ಪ್ರವಾಸದಲ್ಲಿ ಲಿಲ್ಲಿಯ ಬೆನ್ನು ಹೀಗೆಯೇ ಮುರಿಯಿತು. ಅವನು ಪ್ಲಾಸ್ಟರಿನಲ್ಲಿ ಮಲಗಿ, ಎದ್ದು, ಪಶ್ಚಿಮ ಆಸ್ಟ್ರೇಲಿಯದ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ಎಂಬ ದೇಹಶಾಸ್ತ್ರಜ್ಞನ ಕೈಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮವನ್ನು ಕಲಿತು, ತನ್ನ ಓಟವನ್ನೂ ಎಸೆತದ ಶೈಲಿಯನ್ನೂ ಹೊಸದಾಗಿ ಕಟ್ಟಿಕೊಂಡನು. ಅವನ 355 ಟೆಸ್ಟ್ ವಿಕೆಟ್ಟುಗಳಲ್ಲಿ ಬಹುಪಾಲು ಆ ಮುರಿತದ ತರುವಾಯದವು. ಜಗತ್ತು 'ಹುಟ್ಟು ವೇಗಿ'ಯೆಂದು ಕೊಂಡಾಡುವವರಲ್ಲಿ ಅಗ್ರಗಣ್ಯನಾದವನು ಎರಡನೆಯ ಸಲ ನಿರ್ಮಿತನಾದವನು. 1987ರಲ್ಲಿ ಚೆನ್ನೈಯಲ್ಲಿ ಎಂಆರ್‌ಎಫ್ ಸಂಸ್ಥೆಯ ವೇಗ ಶಿಕ್ಷಣಾಲಯಕ್ಕೆ ಅವನು ಬಂದಾಗ ಹುಡುಗರಿಗೆ ಕಲಿಸಿದ್ದೂ ಇದನ್ನೇ, ಎಂದರೆ ಸೊಂಟ ಮತ್ತು ಭುಜಗಳು ಒಂದೇ ದಿಕ್ಕನ್ನು ನೋಡುವಂತೆ ದೇಹವನ್ನು ಹೊಂದಿಸುವುದನ್ನು. ಶ್ರೀನಾಥ್, ಪ್ರಸಾದರೂ ಅಲ್ಲಿ ಕಲಿತವರೇ.

ನಮ್ಮ ಕಾಲದ ಉದಾಹರಣೆಗಳು ಹೊಸ ಗಾಯಗಳಾದುದರಿಂದ ಅವನ್ನು ಕೆದಕುವುದಕ್ಕೆ ಸಂಕೋಚವಾಗುತ್ತದೆ. ಬೆಂಗಳೂರಿನ ಪ್ರಸಿದ್ಧ ಕೃಷ್ಣ 2021ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲಿಯೇ 4 ವಿಕೆಟ್ ಪಡೆದವರು. 2022ರಲ್ಲಿ ಸೊಂಟದೆಲುಬಿನ ಬಿರುಕಿನಿಂದ ಬಿದ್ದು, ಶಸ್ತ್ರಚಿಕಿತ್ಸೆಗೊಳಗಾಗಿ, ಸುಮಾರು ಒಂದು ವರ್ಷ ಆಟದಿಂದ ಹೊರಗಿದ್ದು, ಮತ್ತೆ ಎದ್ದು ಬಂದರು. ಅವರ ಹಿಂದೆ ಪ್ರಥಮ ದರ್ಜೆಯ ಪಕ್ವತೆಯೂ ಬೆಂಗಳೂರಿನ ವೈದ್ಯರೂ ಮಂಡಳಿಯ ಹಣವೂ ಇದ್ದುವು. 2024ರ ಏಪ್ರಿಲ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೆಹಲಿಯ ಮಯಂಕ್ ಯಾದವ್ ಗಂಟೆಗೆ 156.7 ಕಿಲೋಮೀಟರಿನ ಎಸೆತವನ್ನು ಬಿಟ್ಟಾಗ ಆ ಅಂಕಿ ದೇಶದ ಮೂಲೆಮೂಲೆಗೂ ಹಬ್ಬಿತು. ಕೆಲವೇ ದಿನಗಳಲ್ಲಿ ಅವರು ಗಾಯಗೊಂಡು ಹೊರಗುಳಿದುದೂ, ಮರಳಿದ ಮೇಲೆ ಮತ್ತೆ ಬೆನ್ನು ಕೈಕೊಟ್ಟುದೂ ಅಷ್ಟಾಗಿ ಹಬ್ಬಲಿಲ್ಲ.

'ನಮ್ಮಲ್ಲಿ ಏನೋ ಆಗದು. ಅಮೆರಿಕದವರು ಬೇಸ್‌ಬಾಲಿನಲ್ಲಿ ವೇಗವನ್ನು ಹುಡುಕಿಯೇ ಸಾಮ್ರಾಜ್ಯ ಕಟ್ಟಿಲ್ಲವೆ?' ಎಂದು ಕೇಳುವವರಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ಏಕೆಂದರೆ ಆ ದೇಶದ ನಿದರ್ಶನ ಅವರ ಪಕ್ಷವನ್ನು ಸಮೂಲವಾಗಿ ಕೀಳುತ್ತದೆ. ಅಲ್ಲಿಯ ಮೂವತ್ತು ದೊಡ್ಡ ಕ್ಲಬ್ಬುಗಳಲ್ಲಿ ಪ್ರತಿಯೊಂದರ ಕೆಳಗೂ ಮೈನರ್ ಲೀಗ್ ಎಂಬ ನಿಚ್ಚಣಿಕೆಯುಂಟು: ಹೊಸಬರ ತಂಡದ ಮೇಲೆ ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಎಂಬ ನಾಲ್ಕು ಮೆಟ್ಟಿಲುಗಳು. ಹದಿನೆಂಟರಲ್ಲಿ ಗುರುತಿಸಿದ ಎಸೆತಗಾರನನ್ನು ಈ ಮೆಟ್ಟಿಲುಗಳ ಮೇಲೆ ನಾಲ್ಕೈದು ವರ್ಷ ನಡೆಸಿ, ಸಣ್ಣ ಊರುಗಳ ಮೈದಾನಗಳಲ್ಲಿ ಸೋಲಿಸಿ, ಎಸೆತಗಳನ್ನು ಒಂದೊಂದಾಗಿ ಎಣಿಸಿ, ಆಮೇಲೆ ಮೇಲಕ್ಕೆ ಕರೆಯುತ್ತಾರೆ. ಹಾಗೆ ಹೊರಟವರಲ್ಲಿ ಬಹುಮಂದಿ ಎಂದಿಗೂ ಮೇಲೆ ತಲಪುವುದಿಲ್ಲ. ಎಳೆಯ ಮಕ್ಕಳ ಲಿಟಲ್ ಲೀಗಿನಲ್ಲಿಯೂ ಹನ್ನೊಂದು ಹನ್ನೆರಡರ ಬಾಲಕ ದಿನಕ್ಕೆ 85ಕ್ಕಿಂತ ಹೆಚ್ಚು ಎಸೆತಗಳನ್ನು ಎಸೆಯಕೂಡದು, 66ನ್ನು ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ ಕೊಡತಕ್ಕದ್ದು ಎಂಬ ನಿಯಮವಿದೆ. ಹುಡುಕಿದ ಮೇಲೆ ಮಾಡಬೇಕಾದ ಕೆಲಸಕ್ಕಾಗಿಯೇ ಅವರು ಇಷ್ಟು ದೊಡ್ಡ ಏರ್ಪಾಟನ್ನು ಇಟ್ಟುಕೊಂಡಿರುವಾಗ, ನಾವು ಅವರಿಂದ ಯಂತ್ರವನ್ನು ಮಾತ್ರ ಎರವಲು ತಂದೆವು.

ಆ ನಿಚ್ಚಣಿಕೆಯ ಮೇಲೆ ನಿಂತ ಒಬ್ಬನ ಕಥೆ ವೇಗಾರಾಧಕರೆಲ್ಲರೂ ಓದತಕ್ಕದ್ದು. ಕನೆಕ್ಟಿಕಟ್ಟಿನ ಸ್ಟೀವ್ ಡಾಲ್ಕೌಸ್ಕಿ ಎಂಬವನನ್ನು 1957ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಕ್ಲಬ್ಬು ಹದಿನೆಂಟರ ಹರೆಯದಲ್ಲಿ ಕರೆದುಕೊಂಡಿತು. ಅವನಷ್ಟು ವೇಗವಾಗಿ ಎಸೆದವನು ಮನುಷ್ಯರಲ್ಲಿ ಹುಟ್ಟಿಲ್ಲವೆಂದು ಕಂಡವರು ಇಂದಿಗೂ ಆಣೆಯಿಡುತ್ತಾರೆ. 1960ರಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿನಲ್ಲಿ ಅವನು 170 ಇನಿಂಗ್ಸುಗಳಲ್ಲಿ 262 ದಾಂಡಿಗರನ್ನು ಔಟು ಮಾಡಿದನು. ಗುರಿ ತಪ್ಪಿದ ಎಸೆತಗಳಿಂದ 262 ದಾಂಡಿಗರಿಗೆ ಪುಕ್ಕಟೆಯಾಗಿ ದಾರಿ ಬಿಟ್ಟನು. ಎರಡು ಅಂಕಿಗಳೂ ಒಂದೇ. ಹುಟ್ಟುಶಕ್ತಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ಲೆಕ್ಕಪತ್ರವುಂಟೆ? 1962ರಲ್ಲಿ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಅರ್ಲ್ ವೀವರ್ ಎಂಬ ತರಬೇತಿಗಾರ, ಎಸೆತದ ಬಗೆಗಳನ್ನು ಎರಡಕ್ಕೆ ಇಳಿಸಿ, ಸ್ವಲ್ಪ ಕಡಮೆ ಬಲದಿಂದ ನೇರಕ್ಕೆ ಎಸೆಯಲು ಹೇಳಿಕೊಟ್ಟಾಗ, ಮೊತ್ತಮೊದಲ ಬಾರಿಗೆ ಆ ಯುವಕ ಬೌಲರನಂತೆ ಕಾಣತೊಡಗಿದನು. ಮುಂದಿನ ವಸಂತದಲ್ಲಿ, ದೊಡ್ಡ ಲೀಗಿನ ಹೊಸ್ತಿಲಲ್ಲಿ, ಅವನ ಮೊಣಕೈ ಹೋಯಿತು. ಒಂದೇ ಒಂದು ದೊಡ್ಡ ಪಂದ್ಯವನ್ನಾಡದೆ 2020ರಲ್ಲಿ ತೀರಿಕೊಂಡನು. ಐದು ವರ್ಷ ಅವನಿಗೆ ದೊರೆತದ್ದು ಬೆರಗು. ಕಲಿಕೆ ದೊರೆತದ್ದು ಒಂದೇ ವರ್ಷ.

ನಮ್ಮ ದೇಶದವರೂ ಆ ಮೆಟ್ಟಿಲುಗಳನ್ನು ಹತ್ತಲು ಹೋದರು. 2008ರಲ್ಲಿ ಭಾರತದಲ್ಲಿ ವೇಗದ ತೋಳನ್ನು ಹುಡುಕಲು ಅಮೆರಿಕದವರು ನಡೆಸಿದ ಸ್ಪರ್ಧೆಯಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರು ಆರಿಸಿ ಬಂದರು. ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬು ಅವರನ್ನು ಸೇರಿಸಿಕೊಂಡಿತು. ಆ ಹುಡುಕಾಟದ ಮೇಲೆ ಚಲನಚಿತ್ರ ಬಂದಿತು. ದಿನೇಶರನ್ನು 2010ರಲ್ಲಿ ಕೈಬಿಟ್ಟುದರ ಮೇಲೆ, ರಿಂಕು ಕೆಳಗಿನ ಮೆಟ್ಟಿಲುಗಳಲ್ಲಿ ಕೆಲವು ವರ್ಷ ಶ್ರದ್ಧೆಯಿಂದ ಕಲಿತು ಕೊನೆಗೆ ಮೊಣಕೈಯ ಶಸ್ತ್ರಚಿಕಿತ್ಸೆಗೆ ಒಳಗಾದುದರ ಮೇಲೆ ಚಲನಚಿತ್ರ ಬರಲಿಲ್ಲ. ಇತ್ತ ಅಮೆರಿಕವೂ ತನ್ನ ನಿಚ್ಚಣಿಕೆಯ ವಿವೇಕವನ್ನು ಮರೆಯತೊಡಗಿದೆ: ದೊಡ್ಡ ಲೀಗಿನ ಸರಾಸರಿ ವೇಗದೆಸೆತ 2008ರಲ್ಲಿ ಗಂಟೆಗೆ 91.3 ಮೈಲಿಯಿದ್ದುದು 2024ರಲ್ಲಿ 94.2ಕ್ಕೆ ಏರಿತು, ಮೊಣಕೈಗಳು ಸಾಲುಸಾಲಾಗಿ ಹೋದವು. 2024ರ ಡಿಸೆಂಬರಿನಲ್ಲಿ ಅಲ್ಲಿಯ ಆಡಳಿತವೇ ಹೊರತಂದ ವರದಿ ವೇಗದ ಬೆನ್ನುಹತ್ತಿದ್ದೇ ಗಾಯಗಳಿಗೆ ಮುಖ್ಯವಾದ ಹೇತುವೆಂದು ಒಪ್ಪಿಕೊಂಡಿತು. ಅವರು ಪಶ್ಚಾತ್ತಾಪಪಡುವ ವೇಳೆಗೆ ನಾವು ಅನುಕರಣೆಯನ್ನು ಆರಂಭಿಸಿದ್ದೇವೆ.

ಈಗ ನಾಗಲಮಡಿಕೆಗೆ ಬರೋಣ. ಅಲ್ಲಿಯ ಒಬ್ಬ ಹದಿನೈದು ವರ್ಷದ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಎತ್ತರವಿದೆ, ತೋಳಿನಲ್ಲಿ ಚುರುಕಿದೆ. ಅವನಿಗೆ ದೊರೆಯುವ ಆಟ ಟೆನಿಸ್ ಚೆಂಡಿನದು. ಆ ಚೆಂಡಿನ ತೂಕ ಸುಮಾರು 58 ಗ್ರಾಂ. ಚರ್ಮದ ಚೆಂಡಿನದು 156ರಿಂದ 163 ಗ್ರಾಂ. ಹಗುರವಾದ ಚೆಂಡನ್ನು ನಾಲ್ಕು ಹೆಜ್ಜೆಯ ಓಟದಿಂದ, ಬರಿಯ ಭುಜದ ಬೀಸಿನಿಂದ, ಯಾರ್ಕರಿನ ಮೇಲೆ ಯಾರ್ಕರಾಗಿ ಎಸೆಯುವುದನ್ನು ಅವನ ದೇಹ ಕಲಿತಿರುತ್ತದೆ. ಜಾತ್ರೆ ಹಬ್ಬಗಳ ಸುತ್ತಮುತ್ತಲ ಟೂರ್ನಮೆಂಟುಗಳಲ್ಲಿ ಆರಾರು ಓವರುಗಳ ಪಂದ್ಯಗಳನ್ನು ಒಂದೇ ದಿನದಲ್ಲಿ ಮೂರು ನಾಲ್ಕು ಆಡಿಸುತ್ತಾರೆ. ಚೆನ್ನಾಗಿ ಎಸೆಯುವವನು ಎಲ್ಲದರಲ್ಲಿಯೂ ಎಸೆಯಬೇಕು, ಸಿಮೆಂಟಿನಂತೆ ಒಣಗಿದ ನೆಲದ ಮೇಲೆ, ತೆಳ್ಳನೆಯ ಅಟ್ಟೆಯ ಷೂಗಳಲ್ಲಿ. ಎಣಿಸುವವರಾರೂ ಇಲ್ಲ. ಈ ಹುಡುಗ ಒಂದು ದಿನ ಬಸ್ಸು ಹತ್ತಿ, ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ಸವೆಸಿ, ತುಮಕೂರಿನಲ್ಲಿಯೋ ಅದರಾಚೆಯ ಬೆಂಗಳೂರಿನಲ್ಲಿಯೋ ನಡೆಯುವ ಆಯ್ಕೆಗೆ ಬರುತ್ತಾನೆ. ಆರು ಎಸೆತ, ಯಂತ್ರ ಒಂದು ಅಂಕಿಯನ್ನು ತೋರಿಸುತ್ತದೆ. ಅಂಕಿ ಕಡಮೆಯಾದರೆ ಹಿಂದಕ್ಕೆ ಬಸ್ಸು. ಹೆಚ್ಚಾದರೆ ಅವನಿಗೆ ಸುಮಾರು ಮೂರು ಪಟ್ಟು ಭಾರದ ಚೆಂಡನ್ನು ಕೊಟ್ಟು, 'ಇನ್ನೂ ಜೋರಾಗಿ' ಎನ್ನುತ್ತಾರೆ. ಎರಡನೆಯದೇ ಅವನಿಗೆ ಹೆಚ್ಚು ಅಪಾಯಕರವಾದ ಫಲಿತಾಂಶವೆಂದು ನಾನು ಹೇಳಿದರೆ ವಿರೋಧಾಭಾಸಕ್ಕಾಗಿ ಹೇಳಿದೆನೆಂದು ಯಾರೂ ತಿಳಿಯಬಾರದು.

ಮಾಡಬೇಕಾದುದೇನೆಂಬುದು ರಹಸ್ಯವಲ್ಲ. ತಾಲ್ಲೂಕಿಗೊಂದು ಒಳ್ಳೆಯ ಮ್ಯಾಟಿಂಗ್ ಪಿಚ್ಚು, ವರ್ಷಕ್ಕೆ ಇಪ್ಪತ್ತು ಮೂವತ್ತು ನಿಜವಾದ ಪಂದ್ಯಗಳು, ಓವರುಗಳನ್ನು ಬರೆದಿಡುವ ಒಂದು ಪುಸ್ತಕ, ಆರು ತಿಂಗಳಿಗೊಮ್ಮೆ ಹುಡುಗನ ಎತ್ತರವನ್ನು ಅಳೆದು, ಅವನು ದಿಢೀರನೆ ಬೆಳೆಯುತ್ತಿರುವ ಕಾಲದಲ್ಲಿ ಬೌಲಿಂಗನ್ನು ತಗ್ಗಿಸುವ ಬುದ್ಧಿಯುಳ್ಳ ಒಬ್ಬ ಶಿಕ್ಷಕ, ಕುಡಿಯುವುದಕ್ಕೆ ಶುದ್ಧವಾದ ನೀರು, ಮತ್ತು ಇವೆಲ್ಲವೂ ಒಬ್ಬ ಹುಡುಗನ ಮೇಲೆ ಕನಿಷ್ಠ ಆರೇಳು ವರ್ಷ ನಿಲ್ಲುವ ಭರವಸೆ. ನೀರಿನ ಮಾತು ಕ್ರಿಕೆಟ್ ಸಂಸ್ಥೆಯ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವೆಂದು ನನಗೂ ಗೊತ್ತು. ಎಲುಬು ಆ ವ್ಯಾಪ್ತಿಯನ್ನು ಲೆಕ್ಕಿಸುವುದಿಲ್ಲ. ಇದು ದುಬಾರಿಯಾದ ಕನಸೆಂದು ಹೇಳುವವರು ಗಡಿಯಾಚೆಗೆ ಒಮ್ಮೆ ನೋಡಬೇಕು. ತುಮಕೂರಿಗಿಂತ ನಾಗಲಮಡಿಕೆಗೆ ಸಮೀಪವಾದ, ಇದೇ ಬರದ ಬಿಸಿಲಿನಲ್ಲಿ ಬೇಯುವ ಅನಂತಪುರದಲ್ಲಿ, ವಿನ್ಸೆಂಟ್ ಫೆರರ್ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಹಳ್ಳಿಯ ಮಕ್ಕಳಿಗೆಂದು ಕ್ರೀಡಾಗ್ರಾಮವನ್ನು ಕಟ್ಟಿತು. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ಆ ಮೈದಾನದಲ್ಲಿ ನಡೆದವು. ಒಂದು ದಾನಸಂಸ್ಥೆಗೆ ಸಾಧ್ಯವಾದುದು, 1933ರಿಂದ ಬೆಳೆದು ಬಂದು ದೇಶದ ಸಿರಿವಂತ ಸಂಸ್ಥೆಗಳಲ್ಲಿ ಒಂದೆನಿಸಿರುವ ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆಗೆ ದುಬಾರಿಯಾಗುವುದು ಹೇಗೆ?

ಉಳಿದಿರುವುದು ಒಂದೇ ಆಕ್ಷೇಪ: ಇಷ್ಟು ನಿಧಾನಿಸಿದರೆ ಹುಡುಗನ ಕಾಲ ಮೀರಿಹೋಗುತ್ತದೆ, ಹತ್ತೊಂಬತ್ತರಲ್ಲಿ ಹರಾಜಿಗೆ ಬಾರದವನು ಮುಂದೆಂದೂ ಬರಲಾರ ಎಂಬುದು. ಹರಾಜಿನ ಮಟ್ಟಿಗೆ ಅದು ನಿಜವಿದ್ದೀತು. ಅದು ಹರಾಜಿನ ದೋಷ. ಬೌಲಿಂಗಿನ ಮಟ್ಟಿಗೆ ಅದು ನಿಜವಲ್ಲ. ವೆಂಕಟೇಶ ಪ್ರಸಾದರು ಹುಟ್ಟಿದ್ದು 1969ರ ಆಗಸ್ಟಿನಲ್ಲಿ; ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್ ಆಡಿದ್ದು 1996ರ ಜೂನಿನಲ್ಲಿ, ಇಪ್ಪತ್ತೇಳು ತುಂಬುವುದಕ್ಕೆ ಎರಡು ತಿಂಗಳಿರುವಾಗ. ಎರಡು ವಾರಗಳ ಮೇಲೆ ಲಾರ್ಡ್ಸಿನಲ್ಲಿ ಅವರು ಐದು ವಿಕೆಟ್ಟುಗಳನ್ನು ಪಡೆದರು.